ತಿರುಗಿಯೂ ನೋಡದವನು

ತಿಪಟೂರು ಬಸ್ ನಿಲ್ದಾಣದ ಗದ್ದಲದಲ್ಲಿ ಭವ್ಯಶ್ರೀ ಜೋರಾಗಿಯೇ ಕೂಗಿದಳು. ಜ್ಞಾನೇಶ ತಿರುಗಿಯೂ ನೋಡಲಿಲ್ಲ.

ಎಷ್ಟು ಕೊಬ್ಬು ಇವನಿಗೆ! ನಾಲ್ಕು ವರ್ಷದ ಹಿಂದೆ ತನ್ನ ಮನೆಯವರು ಇಬ್ಬರ ಮದುವೆಯ ಮಾತು ತೆಗೆದಾಗ, ಸೊಂಟ ನೋವು, ಈಗ ಬೇಡ ಎಂದು ಹೇಳಿ ಕಳಿಸಿದವನು. ಪಿಯುಸಿಯಲ್ಲಿ ಅವನ ಒಂದೊಂದು ಓರೆನೋಟವನ್ನೂ ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದ ಅವಳಿಗೆ, ಆ ನೆಪ ಕೇಳಿ ನಗಬೇಕೋ ಅಳಬೇಕೋ ತಿಳಿದಿರಲಿಲ್ಲ. ಈಗ ಹಾಸನದ ಗಂಡಿನವರಿಗೆ ಸಂಜೆಯೊಳಗೆ ಉತ್ತರ ಹೇಳಬೇಕು. ಅಮ್ಮ ಬೆಳಿಗ್ಗೆಯಿಂದ ಫೋನ್ ಮಾಡುತ್ತಲೇ ಇದ್ದಾಳೆ.

ಸುಮ್ಮನೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಅವನೆದುರಿಗೇ ಬಂದು ನಿಂತಳು.

"ಏನೋ, ಕಿವಿ ಕೇಳಲ್ವಾ ನಿಂಗೆ?"

"ಕೇಳ್ತು ಕಣೇ. ತಿರುಗ್ತಾ ಇದ್ದೆ. ಅಷ್ಟರಲ್ಲಿ ನೀನೇ ಬಂದ್ಬುಟ್ಟೆ."

ನಿಜ, ಅವನು ತಿರುಗುತ್ತಲೇ ಇದ್ದ. ಬರೀ ಕತ್ತಲ್ಲ, ಇಡೀ ಮೈ. ಮೊದಲು ಪಾದ, ಆಮೇಲೆ ಸೊಂಟ, ಭುಜ, ತಲೆ ಎಲ್ಲ ಒಟ್ಟಿಗೆ. ಅವಳ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಉಳಿಯಿತು.

ಕಲ್ಲುಬೆಂಚಿನ ಮೇಲೆ ಕೂತರು.

"ಉಳುಕು ಅಂತ ಎಂಟು ವರ್ಷ ಕಳೆದ್ವಿ," ಎಂದ ಅವನು. "ನಮ್ಮ ಶೆಟ್ಟಿಕೆರೆ ಕಡೆ ತೆಂಗಿನಕಾಯಿ ಸುಲಿಯೋನಿಗೆ ಸೊಂಟ ನೋವು ಬಂದ್ರೆ ಅದು ಉಳುಕೇ. ಅಪ್ಪಂಗೂ ಇತ್ತು, ದೊಡ್ಡಪ್ಪಂಗೂ ಇತ್ತು. ಎಣ್ಣೆ ಹಚ್ಚಿ ನೀವಿಸ್ಕೊಂಡೆ, ಮಾತ್ರೆ ನುಂಗ್ದೆ. ರೆಸ್ಟ್ ತಗೋ ಅಂದ್ರು. ಮಲಗಿದ್ರೇ ಜಾಸ್ತಿ ನೋವು. ಎದ್ದು ಒಂದಷ್ಟು ಕಾಯಿ ಸುಲಿದ್ರೆ ಕಮ್ಮಿ."

"ಯಾರೂ ಏನೂ ಅನ್ಲಿಲ್ವಾ?"

"ಅಂದ್ರು. 'ಮಲಗಿದ್ರೆ ನೋವು, ಸುಲಿದ್ರೆ ವಾಸಿ! ಇದು ನೋವಲ್ಲ ಕಣ್ಲಾ, ಮದುವೆ ತಪ್ಪಿಸ್ಕೊಳ್ಳೋ ಐಡಿಯಾ' ಅಂತ."

ಭವ್ಯಶ್ರೀ ತಲೆ ತಗ್ಗಿಸಿದಳು. ಅವಳೂ ಅದನ್ನೇ ಅಂದುಕೊಂಡಿದ್ದಳು.

"ಹೋದ ವರ್ಷ ಕಣ್ಣು ಕೆಂಪಾಯ್ತು. ಬೆಳಕು ನೋಡಕ್ಕಾಗ್ತಿರ್ಲಿಲ್ಲ. ಕಣ್ಣಿನ ಡಾಕ್ಟ್ರು, 'ಬೆಳಿಗ್ಗೆ ಎದ್ದಾಗ ಬೆನ್ನು ಬಿಗಿಯುತ್ತಾ?' ಅಂತ ಕೇಳಿದ್ರು. ಅಷ್ಟು ವರ್ಷದಲ್ಲಿ ಆ ಮಾತು ಕೇಳಿದ್ದು ಅವರೊಬ್ರೇ. ಇದು ಒಂಥರಾ ಸಂಧಿವಾತ ಅಂತೆ, ಕಣ್ಣು ಕೆಂಪಾಗಿದ್ದೂ ಅದರಿಂದ್ಲೇ ಅಂತೆ. ಉರಿಯೂತ ಬಂದು ಬಂದು ಬೆನ್ನುಮೂಳೆಗಳು ಕತ್ತಿನವರೆಗೂ ಒಂದಕ್ಕೊಂದು ಬೆಸೆದುಕೊಳ್ಳುತ್ತಂತೆ. ಈಗ ಇಂಜೆಕ್ಷನ್ ತಗೋತೀನಿ. ನೋವು ಇಳಿದಿದೆ. ಬೆಸೆದಿದ್ದು ಬಿಡಲ್ಲ."

"ಆಗ್ಲೇ ಗೊತ್ತಾಗಿದ್ರೆ?"

"ಕತ್ತು ಉಳೀತಿತ್ತು." ಆಮೇಲೆ, "ನೀನೂ," ಎಂದ.

ಮುಖ ತಿರುಗಿಸಲಾಗದೆ ಕಣ್ಣನ್ನಷ್ಟೇ ಅವಳ ಕಡೆ ಹೊರಳಿಸಿದ. ಅದೇ ಓರೆನೋಟ. ಆಗ ತುಂಟತನವಿತ್ತು, ಈಗ ಅವನಿಗೆ ಉಳಿದಿರುವುದು ಅದೊಂದೇ ದಾರಿ. ಅವಳ ಎದೆ ಮಾತ್ರ ಎರಡಕ್ಕೂ ವ್ಯತ್ಯಾಸ ಕಾಣದೆ ಹಾಗೆಯೇ ಬಡಿದುಕೊಂಡಿತು.

ಹುಳಿಯಾರಿನ ಬಸ್ಸು ಬಂತು, ತುಂಬಿಕೊಂಡು ಹೋಯಿತು.

ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದಳು.

"ಅಮ್ಮ, ಹಾಸನದೋರಿಗೆ ಬ್ಯಾಡ ಅಂತ ಹೇಳ್ಬುಡು. ಆಮೇಲೆ ಮಾತಾಡ್ತೀನಿ."

ಜ್ಞಾನೇಶ ಗಾಬರಿಯಾದ. "ಲೇ, ನಾನಿನ್ನೂ ಏನೂ ಕೇಳೇ ಇಲ್ಲ!"

"ನೀನು ಕೇಳೋ ಹೊತ್ತಿಗೆ ನಂಗೆ ತಲೆ ನರೆತಿರುತ್ತೆ."

ನಗಲು ಹೋದ. ಬಿಗಿದುಹೋಗಿದ್ದ ಎದೆಗೂಡು ಪೂರ್ತಿ ಅರಳದೆ ನಗು ಅರ್ಧಕ್ಕೇ ನಿಂತಿತು.

"ತಮಾಷೆ ಅಲ್ಲ ಕಣೇ. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ನಾನು ಬರೀ ಕೊರಡು. ಸಿಡುಕ್ತೀನಿ. ಯಾರಾದ್ರೂ ಮಾತಾಡ್ಸಿದ್ರೆ ಬೈತೀನಿ."

"ನಂಗೇನು ಬೈಯಕ್ಕೆ ಬರಲ್ವಾ?"

"ಯಾರ ಮಾತೂ ಬ್ಯಾಡ ಅನ್ಸುತ್ತೆ ಆಗ."

ಅವಳಿಗೆ ತುಂಬ ಸುಸ್ತಾಗಿತ್ತು, ನಾಲ್ಕು ವರ್ಷ ಕಾರಣವಿಲ್ಲದ ಸಿಟ್ಟೊಂದನ್ನು ಹೊತ್ತು ತಿರುಗಿದ ಸುಸ್ತು. ಬೆಂಚಿನ ಮೇಲಿದ್ದ ಅವನ ಕೈಯ ಮೇಲೆ ಕೈಯಿಟ್ಟಳು.

"ಆಗ್ಲಿ ಬುಡು. ಆ ಒಂದು ಗಂಟೆ ನಾನೂ ಸುಮ್ಮನಿರ್ತೀನಿ. ಆದ್ರೆ ಪಕ್ಕದಲ್ಲೇ ಇರ್ತೀನಿ."