ಮೆನುವಿನ ಮೂರನೇ ಚೌಕ

ಬೀರುವಿನ ಮೇಲಿನ ಅರೆಯಲ್ಲಿ ಹಸಿರು ಫೈಲು ಇರಲಿಲ್ಲ.

ಅಕ್ಕ ಮೊದಲು ಕೈಯಾಡಿಸಿದಳು. ಆಮೇಲೆ ಸ್ಟೂಲು ಹತ್ತಿ ನೋಡಿದಳು. ಆಮೇಲೆ ಒಳಗಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಎಳೆದು ಹಾಕಿದಳು. ನರ್ಸಿಂಗ್ ಡಿಪ್ಲೊಮಾ, ಅಂಕಪಟ್ಟಿಗಳು, ನೋಂದಣಿ ಪತ್ರ — ಒಂದೂ ಇಲ್ಲ. ಅದು ಬುಧವಾರ. ಸೋಮವಾರ ಬೆಳಿಗ್ಗೆ ಅವಳು ಬೇರೊಂದು ಊರಿನ ಆಸ್ಪತ್ರೆಯಲ್ಲಿ ಮೂಲಪತ್ರ ತೋರಿಸಿ ಕೆಲಸಕ್ಕೆ ಸೇರಬೇಕಿತ್ತು. ತೋರಿಸದಿದ್ದರೆ ಜಾಗ ಮುಂದಿನವರ ಪಾಲು. ನಕಲು ಪ್ರತಿಗೆ ಅರ್ಜಿ ಹಾಕಿದರೆ ಕೈಗೆ ಸಿಗುವುದು ಯಾವ ಕಾಲಕ್ಕೋ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಕಣೇ," ಎಂದಳು ಫೋನಿನಲ್ಲಿ. ದನಿಯಲ್ಲಿ ಅಳುವೂ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮಗು ಹುಟ್ಟಿದಾಗ ಕೆಲಸ ಬಿಟ್ಟವಳು ಆ ಮನೆಯಿಂದ ಹೊರಗೆ ಕಾಲಿಡಲು ಇದ್ದದ್ದು ಇದೊಂದೇ ಬಾಗಿಲು.

ಶನಿವಾರ ಮಧ್ಯಾಹ್ನ ನಾನು ಚಿಕ್ಕಮ್ಮನನ್ನು ಹೊರಡಿಸಿಕೊಂಡು ಹೋದೆ. ಚಿಕ್ಕಮ್ಮ ವಿಮಾ ಕಂಪನಿಯವಳು. ಸುಟ್ಟ ಅಂಗಡಿಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವಳ ಉದ್ಯೋಗ. ನಾಲ್ಕನೇ ಮಹಡಿ, ಲಿಫ್ಟಿನ ಬಾಗಿಲಿಗೆ ಸರಪಳಿ ಬಿಗಿದಿತ್ತು. ಏದುಸಿರು ಬಿಡುತ್ತ ಹತ್ತಿದೆವು.

ಬಾಗಿಲ ಪಕ್ಕದಲ್ಲೇ ಅಕ್ಕನ ಅತ್ತೆಯ ಕುರ್ಚಿ. ಯಾರು ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ಅವರು ಮೊಣಕಾಲು ಮಡಚಬೇಕು. ನಡುಮನೆಗೆ ಇರುವುದು ಒಂದೇ ಕಿಟಕಿ. ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಟಿ.ವಿ.ಯಲ್ಲಿ ಮಗುವಿನ ಹುಟ್ಟುಹಬ್ಬದ ಡಿವಿಡಿ. ಯಾರೂ ಗುಂಡಿ ಒತ್ತದೆ ಅದು ಮೆನುವಿನಲ್ಲೇ ನಿಂತಿತ್ತು — ಒಂದು ರಾಗದ ತುಣುಕು, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮೊದಲಿಂದ.

"ಬನ್ನಿ ಬೀಗಿತ್ತಿ," ಎಂದರು ಅತ್ತೆ, ಮೊಣಕಾಲು ಮಡಚುತ್ತ. "ಪೊಲೀಸ್ ಕೆಲಸ ನೆಂಟರ ಮನೆವರೆಗೂ ಬಂತಾ?"

"ಪೊಲೀಸ್ ಅಲ್ಲ ಬೀಗಿತ್ತಿ, ವಿಮೆ. ನಾವು ಹೊಡೆಯಲ್ಲ. ದುಡ್ಡು ಕೊಡಲ್ಲ, ಅಷ್ಟೇ."

ಅತ್ತೆಗೆ ನಗು ಬಂತು, ಬಂದದ್ದನ್ನು ನುಂಗಿಕೊಂಡರು.

ಚಿಕ್ಕಮ್ಮ ಕುಳಿತಲ್ಲಿಂದಲೇ ಶುರುಮಾಡಿದಳು. "ಫೈಲು ಕೊನೆಗೆ ನೋಡಿದ್ದು ಯಾವಾಗ ಮರೀ?"

"ಕೆಲಸದ ಆದೇಶ ಬಂದ ದಿನ," ಎಂದಳು ಅಕ್ಕ. "ಆದೇಶನೂ ಅದರೊಳಗೇ ಸೇರಿಸಿ, ಕೆಂಪು ದಾರ ಸುತ್ತಿ ಮೇಲಿಟ್ಟೆ. ಭಾನುವಾರದ ಹುಟ್ಟುಹಬ್ಬಕ್ಕಿಂತ ಒಂದೆರಡು ದಿನ ಮುಂಚೆ."

"ಆಮೇಲೆ?"

"ಆಮೇಲೆ ನೋಡಿದ್ದೇ ಬುಧವಾರ."

ಆಗ ಭಾವ ಬಾಲ್ಕನಿಯಿಂದ ಒಳಗೆ ಬಂದ. ಬಾಲ್ಕನಿಗೆ ತಗಡು ಹೊಡೆಸಿ ಕಂಪ್ಯೂಟರ್ ಇಟ್ಟುಕೊಂಡಿದ್ದ. ಮನೆಯವರ ಬಾಯಲ್ಲಿ ಅದು 'ಸ್ಟುಡಿಯೋ'. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸಿ ಚೌಕಟ್ಟಿಗೆ ಕೂರಿಸುವ ಭಾವನಿಗೆ ಮನೆಗೆ ಬಂದರೆ ಇದೇ ಹುಚ್ಚು. ಮಗು ಮಗುಚಿದ್ದಕ್ಕೊಂದು ಡಿವಿಡಿ, ನಡೆದಿದ್ದಕ್ಕೊಂದು, ಹಲ್ಲು ಬಂದಿದ್ದಕ್ಕೊಂದು.

"ರದ್ದಿಗೆ ಹೋಗಿದೆ ಚಿಕ್ಕಮ್ಮ," ಎಂದ, ತುಂಬ ಮೆತ್ತಗೆ. "ಹುಟ್ಟುಹಬ್ಬದ ಹಿಂದಿನ ದಿನ ಮನೆಯೆಲ್ಲ ಗುಡಿಸಿ ಸಾರಿಸಿದ್ದು. ಕೆಲಸದವಳು ಬೀರು ಮೇಲಿಂದ, ಒಳಗಿಂದ ಹಳೇ ಪೇಪರೆಲ್ಲ ತೆಗೆದು ಕಟ್ಟಿ ಒಯ್ದಳು. ಅದರ ಜೊತೇಲಿ ಫೈಲೂ ಹೋಗಿದೆ. ಬೇಕು ಅಂತ ಮಾಡಿದ್ದಲ್ಲ, ಪಾಪ. ನಾನು ರದ್ದಿ ಅಂಗಡಿಗೂ ಹೋಗಿಬಂದೆ. ಮಾಲು ಲಾರಿ ಹತ್ತಿಬಿಟ್ಟಿದೆ."

"ಅವಳೇನಂದಳು?"

"ಮುಟ್ಟೇ ಇಲ್ಲ ಅಂದಳು," ಎಂದಳು ಅಕ್ಕ. "ಗುರುವಾರದಿಂದ ಬರಬೇಡ ಅಂತ ಇವರು ಹೇಳಿದ್ರು. ಮೆಟ್ಟಿಲ ಮೇಲೆ ನಿಂತು ಅತ್ತಳು ಚಿಕ್ಕಮ್ಮ. ನನಗೂ ನಂಬೋದೋ ಬಿಡೋದೋ ಗೊತ್ತಾಗ್ಲಿಲ್ಲ."

ಚಿಕ್ಕಮ್ಮ ಅತ್ತೆಯತ್ತ ತಿರುಗಿದಳು. "ಸೊಸೆ ಕೆಲಸಕ್ಕೆ ಹೋಗೋದು ನಿಮಗೆ ಇಷ್ಟ ಇತ್ತಾ ಬೀಗಿತ್ತಿ?"

ನನ್ನ ಗುಮಾನಿಯೂ ಅಲ್ಲೇ ಇತ್ತು.

"ಇರಲಿಲ್ಲ. ಮುಚ್ಚುಮರೆ ಯಾಕೆ? ಮಗು ಎತ್ತಿಕೊಂಡು ಊರು ಬಿಡೋದು ಯಾವ ನ್ಯಾಯ ಅಂತ ಇವಳ ಮುಖಕ್ಕೇ ಕೇಳಿದೀನಿ. ಆದ್ರೆ ಫೈಲು ಮುಟ್ಟಿಲ್ಲ. ನನಗೆ ಬಾಯಿ ಸಾಕು, ಕೈ ಯಾಕೆ?"

"ನೀವು?" — ಭಾವನಿಗೆ.

"ನಾನಾ? ನಾನೇ ಅಲ್ವಾ ಅರ್ಜಿ ತುಂಬಿಸಿದ್ದು. ಹೋಗು ಅಂದೋನೇ ನಾನು."

ಅಕ್ಕ ತಲೆಯಾಡಿಸಿದಳು. ಅದು ನಿಜವೇ.

"ಹುಡುಕಿದ್ದು ಹೇಗೆ? ಯಾರು, ಎಲ್ಲೆಲ್ಲಿ?"

"ರೂಮೆಲ್ಲ ನಾನು. ಅಡುಗೆಮನೆ ಅತ್ತೆ. ಬಾಲ್ಕನಿ ಇವರು."

ಚಿಕ್ಕಮ್ಮ ಎದ್ದು ಬೀರು ನೋಡಿದಳು. ಮಲಗುವ ಕೋಣೆಯ ಬಾಗಿಲಿಗೆ ನೇರವಾಗಿ ನಿಂತಿದ್ದ ಹಳೆಯ ಕಬ್ಬಿಣದ ಬೀರು. ಬಾಗಿಲು ತೆರೆದರೆ ನಡುಮನೆಯಲ್ಲಿ ಕೂತವರಿಗೂ ಒಳಗಿನ ಅರೆಗಳು ಕಾಣುತ್ತಿದ್ದವು. ಬೀಗದ ಮೇಲೆ ಗೀರಿಲ್ಲ. ಹೊರಗಿನವರು ಬಂದ ಕುರುಹಿಲ್ಲ. ಅವಳು ವಾಪಸು ಬಂದು ಸೋಫಾದಲ್ಲಿ ಕುಸಿದಾಗ ನನ್ನ ಜೀವವೂ ಕುಸಿಯಿತು. ಚಿಕ್ಕಮ್ಮನೇ ಕೈಚೆಲ್ಲಿದರೆ? ಅಕ್ಕ ಗೋಡೆಗೆ ತೆರೆದುಕೊಂಡ ಆ ಕಿಟಕಿಯ ಮುಂದೆ ಹೋಗಿ ನಿಂತಳು. ರಾಗ ಮತ್ತೆ ಮೊದಲಿಂದ ಶುರುವಾಯಿತು.

"ಇದನ್ನ ಆರಿಸೋ ಮಹರಾಯ," ಎಂದರು ಅತ್ತೆ. "ನಿನ್ನೆಯಿಂದ ಇದೇ ಗೋಳು."

"ಬೇಡ, ನೋಡೋಣ," ಎಂದಳು ಚಿಕ್ಕಮ್ಮ. "ನಾನು ಹುಟ್ಟುಹಬ್ಬಕ್ಕೆ ಬಂದಿರಲಿಲ್ಲವಲ್ಲ. ಹಾಕಿ ಅಳಿಯಂದಿರೇ."

ಭಾವನ ಮುಖ ಅರಳಿತು. ರಿಮೋಟ್ ಒತ್ತಿದ. 'ದೃಶ್ಯಗಳು' ಎಂಬ ಪುಟ ತೆರೆಯಿತು: ಬಲೂನುಗಳ ಗೆರೆ ಎಳೆದ ಹಿನ್ನೆಲೆ, ಅದರ ಮೇಲೆ ಆರು ಚೌಕಗಳು, ಪ್ರತಿ ಚೌಕದಲ್ಲೂ ಅಕ್ಕನ ಮಗಳದೊಂದು ಪುಟ್ಟ ಚಿತ್ರ. ಮನೆಯಲ್ಲಿ ಅವಳನ್ನು ಕರೆಯುವುದು ಮೆಣಸು ಎಂದು. ಮೂರನೇ ಚೌಕದಲ್ಲಿ ಮೆಣಸು ಮೂಗಿನ ತುಂಬ ಕೇಕು ಬಳಿದುಕೊಂಡು, ಹಲ್ಲೆಲ್ಲ ಬಿಟ್ಟು ನಗುತ್ತಿದ್ದಳು.

"ಎಷ್ಟು ಚೆನ್ನಾಗಿದೆ," ಎಂದಳು ಚಿಕ್ಕಮ್ಮ. "ಇದನ್ನೆಲ್ಲ ಕಂಪ್ಯೂಟರೇ ಮಾಡುತ್ತಾ?"

"ಕಂಪ್ಯೂಟರ್ ಕೈಗೆ ಬಿಟ್ರೆ ಕೆಟ್ಟಿತು. ದೃಶ್ಯ ಶುರುವಾಗೋ ಜಾಗದ ಚಿತ್ರ ತಾನೇ ಎತ್ತಿ ಹಾಕುತ್ತೆ. ಒಬ್ಬರ ಕಣ್ಣು ಮುಚ್ಚಿರುತ್ತೆ, ಒಬ್ಬರ ಬಾಯಿ ತೆರೆದಿರುತ್ತೆ. ನಾನು ಒಂದೊಂದೂ ಕೈಯಾರೆ ಆರಿಸ್ತೀನಿ. ಮೆನು ಮೊದಲು ಮಾಡ್ಕೊಂಡು ಬಿಡ್ತೀನಿ, ಹುಟ್ಟುಹಬ್ಬದ ಮಾರನೇ ದಿನವೇ ಆಗಿತ್ತು. ಫಿಲ್ಮು ಕತ್ತರಿಸಿ ಜೋಡಿಸೋದೇ ಆಮೇಲೆ."

"ಚಿತ್ರ ಬೇರೆ ಫೋಟೋದಿಂದಲೂ ಹಾಕಬಹುದೇನೋ?"

"ಹಾಕಬಹುದು. ನಾನು ಹಾಕಲ್ಲ. ಅದು ಮೋಸ. ಒಳಗಿಲ್ಲದ್ದನ್ನ ಹೊರಗೆ ತೋರಿಸಬಾರದು."

ಅವನು ಮೂರನೇ ಚೌಕ ಒತ್ತಿದ. ಮಕ್ಕಳೆಲ್ಲ ಸೇರಿ ಬಲೂನು ಒಡೆಯುತ್ತಿದ್ದರು. ಮೆಣಸು ಬೇರೆ ಫ್ರಾಕಿನಲ್ಲಿದ್ದಳು. ಮೂಗು ಚೊಕ್ಕಟ.

"ನೋಡಿದ್ರಾ ಬೀಗಿತ್ತಿ?" ಅತ್ತೆ ಮೊಣಕೈಯಿಂದ ಚಿಕ್ಕಮ್ಮನನ್ನು ತಿವಿದರು. "ಮಗು ಮೂಗಿಗೆ ಕೇಕು ಹಚ್ಚಿದ್ದು ನಾನು. ಅದನ್ನೇ ಹಾರಿಸಿಬಿಟ್ಟಿದಾನೆ. ಹೆತ್ತ ತಾಯಿಯ ಮುಖ ಇವನ ಸಿನಿಮಾಕ್ಕೆ ಲಾಯಕ್ಕಿಲ್ಲ."

"ಅಯ್ಯೋ ಅಮ್ಮ, ನಿನ್ನೆನೇ ಹೇಳಿದೆನಲ್ಲ. ಅಷ್ಟೊತ್ತಿಗೆ ಬ್ಯಾಟರಿ ಮುಗಿದಿತ್ತು. ಅದು ರೆಕಾರ್ಡೇ ಆಗಿಲ್ಲ."

"ಓ," ಎಂದಳು ಚಿಕ್ಕಮ್ಮ. "ಮತ್ತೊಂದು ಸಲ ಆ ಮೆನು ಹಾಕಿ."

ಆರು ಚೌಕಗಳು ಬಂದವು. ಚಿಕ್ಕಮ್ಮ ಎದ್ದು ಟಿ.ವಿ.ಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು.

"ಮರೀ, ಕೇಕು ಹಚ್ಚಿದ ಮೇಲೆ ಮಗು ಏನು ಮಾಡಿದಳು?"

"ಮಾಡೋದೇನು, ಮೂಗು ಮುಟ್ಟಿಕೊಂಡು ಕೈಯನ್ನೆಲ್ಲ ಫ್ರಾಕಿಗೆ ಒರೆಸಿದಳು. ನಾನು ಓಡಿಹೋಗಿ ಬೇರೆ ಫ್ರಾಕು ತಂದು ಹಾಕಿದೆ."

"ಎಲ್ಲಿಂದ ತಂದೆ?"

"ಬೀರುವಿನಿಂದ. ಕೆಳಗಿನ ಅರೆಯಿಂದ. ನೆಂಟರೆಲ್ಲ ಇದ್ರು, ಅವಸರ —"

"ಮೇಲಿನ ಅರೆ ನೋಡಿದೆಯಾ?"

"ಇಲ್ಲ. ಯಾಕೆ?"

"ನೀನು ನೋಡಲಿಲ್ಲ. ಕ್ಯಾಮೆರಾ ನೋಡಿತು. ಬಾ ಇಲ್ಲಿ."

ಅಕ್ಕ ಬಂದಳು. ನಾನೂ ಎದ್ದೆ. ನಗುವ ಮುಖವನ್ನು ನೋಡುವ ಭರದಲ್ಲಿ ಅದರ ಹಿಂದೆ ಏನಿದೆ ಎಂದು ಯಾರು ನೋಡುತ್ತಾರೆ? ಮೆಣಸಿನ ಕಿವಿಯ ಪಕ್ಕ, ತೆರೆದ ಕೋಣೆಯ ಬಾಗಿಲಾಚೆ, ತೆರೆದ ಬೀರು. ಕೆಳಗೆ ಬಗ್ಗಿದ ಅಕ್ಕನ ಬೆನ್ನು. ಮೇಲಿನ ಅರೆಯಲ್ಲಿ ಉಗುರಿನಷ್ಟು ಹಸಿರು, ಅದಕ್ಕೆ ಅಡ್ಡಲಾಗಿ ಎಳೆಯಷ್ಟು ಕೆಂಪು.

ಚಿಕ್ಕಮ್ಮನೇ ಟಿ.ವಿ. ಆರಿಸಿದಳು. ರಾಗ ನಿಂತದ್ದೇ ಮನೆ ಇನ್ನೂ ಚಿಕ್ಕದಾಯಿತು.

"ಕೆಲಸದವಳು ರದ್ದಿ ಒಯ್ದದ್ದು ಹಿಂದಿನ ದಿನ," ಎಂದಳು. "ಹುಟ್ಟುಹಬ್ಬದ ದಿನ ಫೈಲು ಅರೆಯಲ್ಲೇ ಕೂತಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ಅವಳ ಪಾಡು."

"ಹಾಗಾದ್ರೆ... ಆಮೇಲೆ ಯಾರೋ ತೆಗೆದಿರಬೇಕು," ಎಂದ ಭಾವ.

"ಯಾರೋ ಅಲ್ಲ. ಬ್ಯಾಟರಿ ಮುಗಿದು ರೆಕಾರ್ಡೇ ಆಗದಿದ್ರೆ ಈ ಚಿತ್ರ ಎಲ್ಲಿಂದ ಬಂತು? ಬೇರೆ ಫೋಟೋ ಹಾಕಲ್ಲ ಅಂತ ನೀವೇ ಹೇಳಿದ್ರಿ. ಅಂದ್ರೆ ಆ ದೃಶ್ಯ ಇತ್ತು. ಮೆನು ಮಾಡುವಾಗ ಇತ್ತು. ಬುಧವಾರ ರದ್ದಿ ಕಥೆ ಹೇಳಿದ ಮೇಲೆ ಫಿಲ್ಮು ಜೋಡಿಸಕ್ಕೆ ಕೂತಾಗ ಹಿಂದುಗಡೆ ಫೈಲು ಕಣ್ಣಿಗೆ ಬಿತ್ತು. ಕತ್ತರಿಸಿದ್ರಿ. ಕಂಪ್ಯೂಟರ್ ಆರಿಸಿದ ಚಿತ್ರವಾಗಿದ್ರೆ ದೃಶ್ಯದ ಜೊತೆ ತಾನೂ ಬದಲಾಗ್ತಿತ್ತು. ನೀವು ಕೈಯಾರೆ ಆರಿಸಿದ್ದು, ಹಾಗೇ ಉಳೀತು. ಆ ನಗು ಚೆನ್ನಾಗಿದೆ ಅಂತ ಆರಿಸಿದ್ರಿ. ಮಗಳ ಮುಖ ಬಿಟ್ಟು ಬೇರೇನೂ ನಿಮಗೆ ಅದರಲ್ಲಿ ಕಾಣಲೇ ಇಲ್ಲ."

"ಕತ್ತರಿಸಿದ ಮಾತ್ರಕ್ಕೆ ನಾನೇ ಕಳ್ಳನಾ ಚಿಕ್ಕಮ್ಮ?"

"ತಪ್ಪಿಲ್ಲದವನು ಆ ದೃಶ್ಯ ನೋಡಿದ್ರೆ ಏನು ಮಾಡ್ತಿದ್ದ? ಓಡಿಬಂದು ಹೆಂಡತಿಗೆ ತೋರಿಸ್ತಿದ್ದ. 'ನೋಡು, ಫೈಲು ಭಾನುವಾರ ಇಲ್ಲೇ ಇತ್ತು, ಇನ್ನೂ ಹುಡುಕೋಣ' ಅಂತಿದ್ದ. ನೀವು ಅಳಿಸಿದ್ರಿ. ಆಮೇಲೆ ತಾಯಿಗೆ ಬ್ಯಾಟರಿ ಕಥೆ ಹೇಳಿದ್ರಿ. ಈ ಮನೇಲಿ ಬೇರೆಯವರು ಹುಡುಕದೇ ಇರೋ ಜಾಗ ಒಂದೇ — ನಿಮ್ಮ ಸ್ಟುಡಿಯೋ."

ಭಾವ ಕದಲಲಿಲ್ಲ. ಎದ್ದವರು ಅತ್ತೆ. ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಹೋದರು. ಏನೋ ಸರಿಸಿದ, ಏನೋ ಬಿದ್ದ ಸದ್ದು. ಹೊರಗೆ ಬಂದಾಗ ಎದೆಗೆ ಅವಚಿಕೊಂಡಿದ್ದದ್ದು ಹಸಿರು ಫೈಲು.

"ಪ್ರಿಂಟರಿನ ಕೆಳಗಿತ್ತು," ಎಂದು ಸೊಸೆಯ ಕೈಗಿಟ್ಟರು. ಮಗನ ಕಡೆ ನೋಡಲಿಲ್ಲ. "ನಾನು ಬಾಯಿಬಿಟ್ಟು ಬೇಡ ಅಂದೆ. ನೀನು ಹೋಗು ಅಂದು ಬಾಗಿಲು ಹಾಕಿದೆಯಲ್ಲೋ."

ಅಕ್ಕ ನೆಲದ ಮೇಲೆ ಕುಳಿತು ಒಂದೊಂದೇ ಹಾಳೆ ತೆಗೆದು ನೋಡಿದಳು. ಎಲ್ಲವೂ ಇದ್ದವು. ಒಂದು ಮಡಿಕೆಯೂ ಬಿದ್ದಿರಲಿಲ್ಲ.

"ಹಾಳು ಮಾಡೋ ಯೋಚನೆ ಇರಲಿಲ್ಲ," ಎಂದ ಭಾವ. "ಆ ಜಾಗ ಬೇರೆಯವರಿಗೆ ಹೋದ ಮೇಲೆ ಸಿಕ್ಕಿತು ಅಂತ ಕೊಡೋಣ ಅಂತಿದ್ದೆ. ನೀನು ಹೋದ್ರೆ ಮತ್ತೆ ಬರಲ್ಲ ಅನ್ನಿಸಿತು. ಬೇಡ ಅನ್ನೋಕೆ ಧೈರ್ಯ ಬರಲಿಲ್ಲ."

"ಬುಧವಾರ ಮಂಚದ ಕೆಳಗೆ ಟಾರ್ಚ್ ಹಿಡಿದಿದ್ರಿ," ಎಂದಳು ಅಕ್ಕ. ದನಿ ಏರಲಿಲ್ಲ. "ನಾನು ಧೂಳಲ್ಲಿ ತೆವಳ್ತಿದ್ದೆ. 'ಇನ್ನೂ ಒಳಗೆ ನೋಡು, ಗೋಡೆ ಹತ್ತಿರ ನೋಡು' ಅಂತ ಬೆಳಕು ಬಿಡ್ತಾ ಇದ್ರಿ."

ಅಕ್ಕ ಹಾಳೆಗಳನ್ನು ಒಳಗಿಟ್ಟು ಫೈಲಿಗೆ ಮತ್ತೆ ಕೆಂಪು ದಾರ ಸುತ್ತಿದಳು.

"ಈಗ ಕೆಲಸದವಳ ಮನೆಗೆ ಹೋಗಿ. ಫೋನು ಬೇಡ. ಹೋಗಿ, ಬಾಗಿಲಲ್ಲಿ ನಿಂತು, ಅವಳ ಗಂಡ ಮಕ್ಕಳ ಎದುರಿಗೇ ಹೇಳಿ, ಯಾರು ತೆಗೆದದ್ದು ಅಂತ."

"ಬಂದು ಮಾತಾಡೋಣ ಅಲ್ವಾ?" ಎಂದು ಕೇಳಿದ.

"ಸೋಮವಾರ ನಾನು ಸೇರ್ತೀನಿ. ಮಗು ನನ್ನ ಜೊತೆ ಬರುತ್ತೆ. ನೀವು ಬರಬಹುದೋ ಬಾರದೋ, ಅದು ನನಗೆ ಇನ್ನೂ ಗೊತ್ತಿಲ್ಲ. ಗೊತ್ತಾದ ದಿನ ಹೇಳ್ತೀನಿ."

ಅವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯುವ ಸದ್ದು ತುಂಬ ಹೊತ್ತು ಕೇಳಿಸಿತು. ಅಕ್ಕ ಬೀರುವಿನ ತಳದಿಂದ ಸೂಟ್‌ಕೇಸು ಎಳೆದು, ಅದರ ಬೀಗಕ್ಕೆ ಹಿಡಿದಿದ್ದ ತುಕ್ಕಿನ ಮೇಲೆ ಎಣ್ಣೆ ಬಿಡಲು ಕುಳಿತಳು.