ಸತ್ತ ಶ್ರೇಣಿಯನ್ನು ಅಳಿಸಲು ಬಂದವನು

"ಕ್ಷಮಿಸಿ... ನಿಮ್ಮ ಶ್ರೇಣಿ ಸಾಯುತ್ತೆ!"

ತುಂಬಿದ ಸಭಾಂಗಣದ ಕೊನೆಯ ಸಾಲಿನಿಂದ ಆ ಮಾತು ಬಂದಾಗ, ವೇದಿಕೆಯ ಮೇಲೆ ತನ್ನ ಸಂಶೋಧನೆ ಮಂಡಿಸುತ್ತಿದ್ದ ಅವಳು ಅರ್ಧಕ್ಕೇ ನಿಲ್ಲಿಸಿದಳು. ಎದ್ದು ನಿಂತಿದ್ದವನು ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಬಂದ ಮೇಷ್ಟ್ರು. ಅವನ ಮುಖವನ್ನು ಅವಳು ನೋಡಿದ್ದೇ ಅಂದು.

ಅವಳ ಸಂಶೋಧನೆಯೆಲ್ಲ ಒಂದು ಸಂಖ್ಯಾಶ್ರೇಣಿಯ ಮೇಲೆ ನಿಂತಿತ್ತು. ಮುಂದಿನ ಸಂಖ್ಯೆ ಬೇಕಾದರೆ ಕೊನೆಯ ಎರಡನ್ನು ಕೇಳಬೇಕು. ಅವು ಹೇಳಿದಷ್ಟು ಮನೆ ಹಿಂದಕ್ಕೆ ಹೋಗಿ, ಅಲ್ಲಿ ಸಿಕ್ಕ ಎರಡು ಸಂಖ್ಯೆಗಳನ್ನು ಕೂಡಬೇಕು. ಮೊದಲ ಮನೆಗಿಂತಲೂ ಹಿಂದೆ ಹೋಗು ಎಂದವೋ, ಅಲ್ಲಿಗೆ ಶ್ರೇಣಿ ಸತ್ತಂತೆ!

ತನ್ನದು ಸಾಯುವುದಿಲ್ಲ ಎಂದೇ ಅವಳು ನಂಬಿದ್ದಳು. ಅವನು ಅವಳಿಗಿಂತ ಬಹಳ ದೂರ ಲೆಕ್ಕ ಹಾಕಿ ನೋಡಿದ್ದ.

ವಿಭಾಗದ ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಆ ಬಾಗಿಲು ಯಾವಾಗಲೂ ಹಾಕಿಯೇ ಇರುತ್ತಿತ್ತು, ಅವಳ ಕಿವಿಗೆ ಹೆಡ್‌ಫೋನ್ ಬೇರೆ. ಇವತ್ತು ಅದನ್ನು ಬದಿಗಿಟ್ಟು ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಕೆಲಸ ಬಿಟ್ಟು ನಿನ್ನ ಹತ್ರ ಬಂದ್ಬಿಡ್ತೀನಿ. ಇಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ."

"ಬಾ ಪುಟ್ಟಿ. ಆದ್ರೆ ಇಷ್ಟು ವರ್ಷದಲ್ಲಿ ಅಲ್ಲಿ ಒಬ್ಬರಾದ್ರೂ ನಿನ್ನವರು ಅಂತ ಆಗ್ಲಿಲ್ವೇನೇ?"

ಒಬ್ಬರೂ ಇಲ್ಲ... ಫೋನ್ ಇಟ್ಟು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಅಳು ಒತ್ತರಿಸಿ ಬಂತು.

ಆಗ ಬಾಗಿಲು ತಟ್ಟಿದ ಸದ್ದು. ಹೊರಗೆ ಅವನೇ, ಕೈಯಲ್ಲಿ ಡಸ್ಟರ್! ಆ ಸಂಸ್ಥೆಯಲ್ಲೊಂದು ಹಳೆಯ ಪದ್ಧತಿ. ಶ್ರೇಣಿ ಸಾಯುವುದನ್ನು ಕಂಡುಹಿಡಿದವರೇ ಬಂದು, ಅದನ್ನು ಕಟ್ಟಿದವರ ಬೋರ್ಡಿನಿಂದ ಅಳಿಸಬೇಕು.

"ಎಲ್ಲರ ಮುಂದೆ ಮರ್ಯಾದೆ ತೆಗೆದದ್ದು ಸಾಲ್ದಾ? ಬೇಗ ಅಳಿಸಿ, ಹೊರಡಿ!"

"ಮೊದಲು ನಿಮಗೊಬ್ಬರಿಗೇ ಹೇಳೋಣ ಅಂತ ಬಂದಿದ್ದೆ. ಮೊನ್ನೆ, ನಿನ್ನೆ, ಇವತ್ತು ಬೆಳಗ್ಗೆ... ಒಳಗೆ ಲೈಟ್ ಇತ್ತು. ಎಷ್ಟು ತಟ್ಟಿದ್ರೂ ನೀವು ತೆಗೀಲಿಲ್ಲ. ನಾಳೆ ನಿಮ್ಮ ಪ್ರಬಂಧದ ಪರೀಕ್ಷಕರ ಮುಂದೆ ಹೀಗಾಗೋದು ಬೇಡ ಅಂತ ಅಲ್ಲೇ ಬಾಯಿಬಿಟ್ಟೆ."

ಅವಳಿಗೆ ನಾಚಿಕೆಯಾಯಿತು. ಯಾರೂ ಇಲ್ಲವೆಂದು ತಾನು ಕೊರಗುತ್ತಿದ್ದಾಗ ಒಬ್ಬ ಹೊರಗೆ ನಿಂತಿದ್ದ!

ಅವನು ಡಸ್ಟರ್ ಎತ್ತಿದ. ಕೈ ಮುಂದೆ ಹೋಗಲಿಲ್ಲ.

"ನನ್ನಿಂದಾಗಲ್ಲ. ಇದು ಬದುಕ್ಲಿ ಅಂತ ನಾನೂ ಕಾಯ್ತಾ ಕೂತಿದ್ದೆ. ನಿಮ್ಮ ಲೇಖನ ಓದಿ, ಇಷ್ಟು ಚೆಂದ ಯೋಚಿಸೋರನ್ನ ನೋಡ್ಬೇಕು ಅಂತಾನೇ ಈ ಊರಿಗೆ ಬಂದವನು ನಾನು. ಈಗ... ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಡಸ್ಟರ್ ಕಿತ್ತುಕೊಂಡು, ಸಂಖ್ಯೆಗಳನ್ನೆಲ್ಲ ತಾನೇ ಅಳಿಸಿದಳು. ನಿಯಮವನ್ನು ಮಾತ್ರ ಮುಟ್ಟಲಿಲ್ಲ. ಅದರ ಕೆಳಗೆ ಆರಂಭಕ್ಕೆ ಬೇರೆ ಎರಡು ಸಂಖ್ಯೆ ಬರೆದು ಹೊಸದಾಗಿ ಶುರು ಮಾಡಿದಳು.

"ಇದೂ ಸಾಯಬಹುದು," ಎಂದ ಅವನು ಮೆಲ್ಲಗೆ.

"ಗೊತ್ತು. ಆದ್ರೆ ಒಬ್ಬಳೇ ಕೂತು ಕಾಯೋದು ಸಾಕಾಗಿದೆ ನನಗೆ."

"ನಾನೂ ಕೂರ್ಲಾ?"

"ಇರೋದೇ ಒಂದು ಕುರ್ಚಿ..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಪಕ್ಕದ ಕೋಣೆಯಿಂದ ಇನ್ನೊಂದು ತನ್ನಿ. ವಾಪಸ್ ಕೊಡೋದೇನೂ ಬೇಡ."