ಇಪ್ಪತ್ತೇಳು ಡಿಗ್ರಿ

ರಾಮಚಂದ್ರಪ್ಪನ ಬಳಿ ತನ್ನ ಸ್ವಂತ ಸರ್ವರ್‌ನ ಪಾಸ್‌ವರ್ಡ್ ಇರಲಿಲ್ಲ. ಅದಿಲ್ಲದೆಯೇ ಅವನು ಒಂದು ತಿಂಗಳಿಗೂ ಹೆಚ್ಚು ಕಾಲ ಮೂರು ರೇಷ್ಮೆ ಚಾಕಿ ಕೇಂದ್ರಗಳನ್ನು ನಡೆಸಿದ್ದ. 2025ರ ಜನವರಿ 18, ಶನಿವಾರ ಮಧ್ಯಾಹ್ನ ಮುಳಬಾಗಿಲು ಗ್ರಾಮಾಂತರ ಠಾಣೆಗೆ ಬಂದಾಗ ಆ ವಿಷಯ ಹೇಳಲಿಲ್ಲ. ಅವನು ತಂದದ್ದು ಬೇರೆ ದೂರು.

"ಪೆದ್ದಪ್ಪ ಅಂತ, ಬೈರಕೂರು ಕೇಂದ್ರದ ಆಳು. ಹೀಟರ್ ಹಂಗೇ ಬಿಟ್ಟು ನನ್ನ ಹುಳಾನೆಲ್ಲ ಬೇಯ್ಸಿ ಸಾಯ್ಸವ್ನೆ. ಯಾರ ಹತ್ರ ಕಾಸು ಈಸ್ಕೊಂಡ್ನೋ. ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಮುನಿಕೃಷ್ಣ ಅವನ ಅಂಗಿಯ ತೋಳು ನೋಡಿದರು. ರಕ್ತದ ಕಲೆಯಿತ್ತು.

"ಇದೇನು?"

"ಅವನ್ದೇ. ಎರಡು ಬಿಟ್ಟೆ."

"ಯಾತರಲ್ಲಿ?"

"ಕೈಗೆ ಸಿಕ್ಕಿದ್ರಲ್ಲಿ."

ಕೈಗೆ ಸಿಕ್ಕಿದ್ದು ಹುಳುವಿನ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಬ್ಬಿಣದ ಪಟ್ಟಿ ಎಂದು ಸಂಜೆಯ ಪಂಚನಾಮೆಯಲ್ಲಿ ದಾಖಲಾಯಿತು.

ಮುನಿಕೃಷ್ಣ ದೂರು ದಾಖಲಿಸಿಕೊಂಡರು. ಪೆದ್ದಪ್ಪನನ್ನು ಆಗಲೇ ಕೋಲಾರದ ಆಸ್ಪತ್ರೆಗೆ ಸಾಗಿಸಿದ್ದರು. ಅವನ ಹೇಳಿಕೆ ಪಡೆಯಲು ಕಾನ್‌ಸ್ಟೇಬಲ್ ಮಿಸ್ಬಾಳನ್ನು ಕಳಿಸಿ, ತಾವು ರಾಮಚಂದ್ರಪ್ಪನನ್ನು ಜೀಪಿಗೆ ಹತ್ತಿಸಿಕೊಂಡು ಬೈರಕೂರಿಗೆ ಹೊರಟರು.

ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರ ಕಳೆಯುವವರೆಗೆ ಸಾಕಿ ರೈತರಿಗೆ ಮಾರುವುದು ಚಾಕಿ ಕೇಂದ್ರದ ಕೆಲಸ. ಪೊರೆ ಕಳಚುವ ಮೊದಲು ಹುಳು ಒಂದು ಹಗಲು ಒಂದು ರಾತ್ರಿ ತಲೆಯೆತ್ತಿಕೊಂಡು ಅಲುಗದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅದನ್ನೇ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ರಾಮಚಂದ್ರಪ್ಪನ ಕೇಂದ್ರಗಳಲ್ಲಿ ಯಾರೂ ಹುಳುಮನೆಯ ಬಾಗಿಲು ತೆಗೆಯುವಂತಿರಲಿಲ್ಲ.

ಬೈರಕೂರಿನಲ್ಲಿ ಬಾಗಿಲು ತೆರೆದಿತ್ತು. ಬೆಂದ ಹುಳುವಿನ ವಾಸನೆ ರಸ್ತೆಗೇ ಬರುತ್ತಿತ್ತು. ಪಂಚರಿಬ್ಬರೂ ಮೂಗಿಗೆ ಟವೆಲ್ ಕಟ್ಟಿಕೊಂಡು ಒಳಗೆ ಹೋದರು. ತಟ್ಟೆಗಳಲ್ಲಿ ಹುಳುಗಳು ಕಪ್ಪಾಗಿ ಅಂಟಿಕೊಂಡಿದ್ದವು. ಬಾಗಿಲ ಹೊರಗಿನ ಗೋಡೆಯಲ್ಲಿ ಅಂಗೈಯಗಲದ ಪರದೆಯೊಂದಿತ್ತು. ಅದರಲ್ಲಿ ದೊಡ್ಡದಾಗಿ 27 ಎಂದಿತ್ತು. ಮೂಲೆಯಲ್ಲಿ ಸಣ್ಣದಾಗಿ ಗಂಟೆ.

"ಈಗೆಷ್ಟು ಗಂಟೆ?" ಮುನಿಕೃಷ್ಣ ಕೇಳಿದರು.

"ಮೂರೂವರೆ ಆಗಿರ್ಬೋದು," ರಾಮಚಂದ್ರಪ್ಪ ಹೇಳಿದ.

"ಇದರಲ್ಲಿ ಒಂದು ಹನ್ನೆರಡು ಅಂತಿದೆ. ತಾರೀಖು ನಿನ್ನೇದು."

ರಾಮಚಂದ್ರಪ್ಪ ಹತ್ತಿರ ಬಂದು ನೋಡಿದ.

"ನಿಮ್ಮ ಉಳಿದೆರಡು ಕೇಂದ್ರ ಎಲ್ಲಿ?"

"ಯಲ್ದೂರು, ಹುತ್ತೂರು. ಹುತ್ತೂರಲ್ಲೇ ನಮ್ಮನೆ, ಆಫೀಸು."

"ಫೋನ್ ಮಾಡಿ. ಬಾಗಿಲು ತೆಗೆಸಿ."

"ಅಲ್ಲೂ ಜ್ವರದಲ್ಲವೆ ಸಾರ್. ಸಂಜೆಗಂಟ ತೆಗ್ಯಂಗಿಲ್ಲ."

"ತೆಗೆಸಿ."

ಯಲ್ದೂರಿಗೆ ಫೋನ್ ಹೋಯಿತು. ಅಗುಳಿ ಎಳೆದ ಸದ್ದು ಈ ಕಡೆಗೂ ಕೇಳಿಸಿತು. ಆಮೇಲೆ ಹೆಂಗಸೊಬ್ಬಳು ತೆಲುಗಿನಲ್ಲಿ ಕೂಗಿಕೊಂಡಳು. ಹುತ್ತೂರಿನಲ್ಲೂ ಅದೇ. ಮೂರೂ ಕಡೆ ಪರದೆಯ ಗಂಟೆ ಒಂದು ಹನ್ನೆರಡಕ್ಕೇ ನಿಂತಿತ್ತು.

ರಾಮಚಂದ್ರಪ್ಪ ಹುಳುಮನೆಯ ಮೆಟ್ಟಿಲ ಮೇಲೆ ಕುಳಿತ.

"ಪೆದ್ದಪ್ಪ ಒಂದೇ ಹೊತ್ತಿಗೆ ಮೂರು ಊರಲ್ಲಿದ್ನಾ?" ಮುನಿಕೃಷ್ಣ ಕೇಳಿದರು.

ರಾಮಚಂದ್ರಪ್ಪ ಕಲೆಯಿದ್ದ ತೋಳು ಮಡಚಿಕೊಂಡ.

ಆಸ್ಪತ್ರೆಯಲ್ಲಿ ಪೆದ್ದಪ್ಪನ ಅರ್ಧ ಮುಖಕ್ಕೆ ಬ್ಯಾಂಡೇಜ್ ಸುತ್ತಿತ್ತು. ಎಡಗಣ್ಣು ಉಳಿಯುವುದಿಲ್ಲ ಎಂದು ವೈದ್ಯರು ಮಿಸ್ಬಾಗೆ ಮೊದಲೇ ಹೇಳಿದ್ದರು. ಅವನಿಗಿನ್ನೂ ಹೇಳಿರಲಿಲ್ಲ.

"ತಾತ, ಪರದೆ ನೋಡಿದ್ರಾ?"

"ನೋಡ್ದೆ ತಾಯಿ. ಇಪ್ಪತ್ತೇಳು. ರಾತ್ರೀನೂ ಇಪ್ಪತ್ತೇಳು. ಬಾಗ್ಲು ತೆಗೀಬೇಡ, ಅದನ್ನ ನೋಡ್ಕೊಂಡಿರು ಸಾಕು ಅಂದಿದ್ರು ಯಜಮಾನ್ರು."

"ಮತ್ಯಾಕೆ ತೆಗೆದ್ರಿ?"

"ಬೆಳಿಗ್ಗೆ ಗೋಡೆಗೆ ಒರಗ್ದೆ. ಬೆನ್ನು ಚುರ್ ಅಂತು. ಯಜಮಾನ್ರು ಬೈದ್ರೆ ಬೈಲಿ ಅಂತ ತೆಗ್ದೆ. ಹೀಟರ್ ಕಿತ್ತಾಕ್ದೆ. ನಾನೇ ಫೋನ್ ಮಾಡಿ ಹೇಳ್ದೆ. ಅವ್ರು ಬಂದೋರೇ ಬಾಗ್ಲು ಯಾಕ್ಲಾ ತೆಗ್ದೆ ಅಂತ..." ಬ್ಯಾಂಡೇಜ್ ಮುಟ್ಟಿಕೊಂಡು, "ಏಂ ಚೇಸೇದಿ ತಾಯಿ, ಏನ್ ಮಾಡೋದು," ಎಂದ. "ಈ ಕಣ್ಣಿನ ಪಟ್ಟಿ ಯಾವಾಗ ಬಿಚ್ತಾರೆ?"

ಮಿಸ್ಬಾ ಹೇಳಿಕೆಯ ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡಳು. ಅದರ ಆಧಾರದ ಮೇಲೆ ರಾಮಚಂದ್ರಪ್ಪನ ವಿರುದ್ಧ ಎರಡನೇ ಎಫ್‌ಐಆರ್ ದಾಖಲಾಯಿತು.

ಭಾನುವಾರ ಬೆಳಿಗ್ಗೆ ಮುನಿಕೃಷ್ಣ, ಮಿಸ್ಬಾ ಮತ್ತು ಕೋಲಾರದ ಸೈಬರ್ ಪರಿಣತ ಶಿವಕುಮಾರ್ ಹುತ್ತೂರಿನ ಆಫೀಸಿನಲ್ಲಿದ್ದರು. ಮೇಜಿನ ಮೇಲೆ ಕಪ್ಪು ಪೆಟ್ಟಿಗೆಯಂಥ ಸರ್ವರ್. ಮೇಲ್ಭಾಗದಲ್ಲಿ ಒಣಗಿದ ಹಳದಿ ಚುಕ್ಕೆಗಳು.

"ಪಾಸ್‌ವರ್ಡ್?"

"ನಂಗೊತ್ತಿಲ್ಲ ಸಾರ್," ಎಂದ ರಾಮಚಂದ್ರಪ್ಪ. "ಕೋಲಾರದ ತೌಹೀದ್ ಅಂಗಡೀಲಿ ತಗೊಂಡಿದ್ದು. ಅವನ ಹುಡುಗ ಬಂದು ಹಾಕ್ಕೊಟ್ಟ."

ಶಿವಕುಮಾರ್ ಪಂಚರ ಎದುರಿನಲ್ಲಿ ಬೇರೆ ದಾರಿಯಿಂದ ಒಳಹೊಕ್ಕ. ಒಂದೂವರೆ ಗಂಟೆ ಹಿಡಿಯಿತು.

"ಸಾರ್, ಹೊರಗಿಂದ ಇದು ಒಂದೇ ಯಂತ್ರ. ಒಳಗೆ ನಾಲ್ಕು ಇದ್ವು. ಬರೀ ಸಾಫ್ಟ್‌ವೇರ್‌ನಲ್ಲಿ ಮಾಡಿರೋ ಯಂತ್ರಗಳು. ಒಂದು ಹುಳುಮನೆಗಳ ಬಿಸಿ ನೋಡ್ಕೊಳ್ಳುತ್ತೆ, ಒಂದು ಎಚ್ಚರಿಕೆ ಮೆಸೇಜ್ ಕಳಿಸುತ್ತೆ, ಒಂದು ಲೆಕ್ಕಪತ್ರ, ಒಂದು ಕ್ಯಾಮೆರಾ. ನಾಲ್ಕನ್ನೂ ಆಳೋ ಸಾಫ್ಟ್‌ವೇರ್ ಇದು. ಇದರ ಪಾಸ್‌ವರ್ಡ್ ಇದ್ದೋನು ಎಲ್ಲಿ ಕೂತಾದ್ರೂ ಯಾವುದನ್ನ ಬೇಕಾದ್ರೂ ನಿಲ್ಲಿಸ್ಬೋದು, ಅಳಿಸ್ಬೋದು."

"ಏನ್ ಮಾಡಿದಾರೆ?"

"ಶುಕ್ರವಾರ ಮೆಸೇಜ್ ಯಂತ್ರ ಆಫ್. ಮೂರೂ ಕಡೆ ಹೀಟರ್ ಪೂರ್ತಿ. ತಕ್ಷಣ ಬಿಸಿ ನೋಡೋ ಯಂತ್ರಾನ ಇದ್ದಲ್ಲೇ ತಡೆದಿದಾರೆ. ಅದು ಸತ್ತಿಲ್ಲ, ಉಸಿರು ಹಿಡ್ಕೊಂಡಂಗೆ ನಿಂತಿದೆ. ಹೀಟರ್ ಉರೀತಾನೇ ಇತ್ತು, ಪರದೆ ಇಪ್ಪತ್ತೇಳು ತೋರಿಸ್ತಾನೇ ಇತ್ತು. ಲಾಗಿನ್ ಆಗಿರೋದು ತೌಹೀದ್ ಅಂಗಡಿ ಇಂಟರ್ನೆಟ್‌ನಿಂದ." ಶಿವಕುಮಾರ್ ಇನ್ನೊಮ್ಮೆ ಪರದೆ ನೋಡಿದ. "ಕ್ಯಾಮೆರಾದ್ದು ಮಾತ್ರ ಅವತ್ತು ಹೋಗಿದ್ದಲ್ಲ. ಡಿಸೆಂಬರ್ ಹನ್ನೊಂದಕ್ಕೇ ಪೂರ್ತಿ ಅಳಿಸಿದಾರೆ. ಆ ಜಾಗದ ಮೇಲೆ ಬೇರೆಯದೆಲ್ಲ ಬಿದ್ದಿದೆ, ವಾಪಸ್ ಸಿಗಲ್ಲ."

"ತಿಂಗಳಿಂದ ಕ್ಯಾಮೆರಾ ಇಲ್ಲ. ನಿಮಗೆ ಗೊತ್ತಾಗ್ಲಿಲ್ವಾ?" ಮುನಿಕೃಷ್ಣ ರಾಮಚಂದ್ರಪ್ಪನತ್ತ ತಿರುಗಿದರು.

"ನೋಡೋಕೆ ಪಾಸ್‌ವರ್ಡ್ ಬೇಕಲ್ಲ ಸಾರ್."

"ಡಿಸೆಂಬರ್ ಹನ್ನೊಂದಕ್ಕೆ ಇಲ್ಲೇನಾಯ್ತು?"

ರಾಮಚಂದ್ರಪ್ಪ ನೆಲ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಶಾಮಲಮ್ಮ ಉತ್ತರ ಕೊಟ್ಟಳು.

"ಆಗೋದೇನು? ಕೋಣೆ ಶುದ್ಧ ಮಾಡ್ಸಿದ್ವಿ."

"ಯಾಕೆ?"

"ಆ ಹುಡುಗ ನಾಕು ದಿನ ಇಲ್ಲೇ ಕುರ್ಚಿ ಮೇಲೆ ಕೂತು ಕೆಲ್ಸ ಮಾಡ್ದ. ನಾನೇ ಕೈಯಾರೆ ಕಾಫಿ ಕೊಟ್ಟೆ. ಕೊನೇ ದಿನ, ಯಾರ ಪೈಕಿನಪ್ಪ ಅಂದೆ. ಹೇಳ್ದ." ಶಾಮಲಮ್ಮ ಸೆರಗು ಸರಿಮಾಡಿಕೊಂಡಳು. "ಸುಳ್ಳಾದ್ರೂ ಹೇಳ್ಬಾರ್ದಾ? ನಿಜ ಹೇಳ್ಬಿಟ್ಟ. ಆಮೇಲೆ ಸುಮ್ನಿರಕ್ಕಾಗುತ್ತಾ? ಲೋಟ ಬಿಸಾಕಿ, ಕುರ್ಚಿ ತೊಳ್ದು, ಗಂಜಲ ಹಾಕಿಸ್ದೆ."

"ಮಿಷಿನ್ ಮೇಲೂ?"

"ಅವನು ಮುಟ್ಟಿದ್ದು ಅದನ್ನೇ ಅಲ್ವಾ?"

ಮಿಸ್ಬಾ ಬರೆಯುವುದನ್ನು ನಿಲ್ಲಿಸಿದಳು. "ಬರೀಮ್ಮ," ಎಂದರು ಮುನಿಕೃಷ್ಣ. ಅವಳು ಬರೆದಳು.

ತೌಹೀದ್‌ನ ಅಂಗಡಿ ಕೋಲಾರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಭಾನುವಾರವಾದರೂ ತೆರೆದಿತ್ತು.

"ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ರಿ?"

"ಜುಮ್ಮಾ ಅಲ್ವಾ ಸಾಹೇಬ್ರೆ, ಮಸೀದಿಲಿದ್ದೆ. ಅರ್ಧ ಶಟರ್ ಎಳ್ದು ಹೋಗಿದ್ದೆ."

"ಒಳಗೆ ಯಾರಿದ್ರು?"

"ಕದಿರೇಶ್. ಮೂರು ವರ್ಷದಿಂದ ನನ್ನ ಹತ್ರಾನೇ ಇದಾನೆ. ಹುತ್ತೂರಿನ ಸರ್ವರ್ ಹಾಕಿದ್ದೂ ಅವ್ನೇ." ತೌಹೀದ್‌ಗೆ ಅಷ್ಟರಲ್ಲಿ ಅರ್ಥವಾಯಿತು. "ಅರೆ, ನಾನು ರಾಮಚಂದ್ರಪ್ಪೋರಿಗೆ ಮೂರು ಸಾರಿ ಫೋನ್ ಮಾಡ್ದೆ. ಹುಡುಗನ್ನ ಕಳಿಸ್ತೀನಿ, ಒಂದು ಮಧ್ಯಾಹ್ನ ಅವನ ಪಕ್ಕ ಕೂತು ಕಲ್ತ್ಕೊಳ್ಳಿ, ಪಾಸ್‌ವರ್ಡ್ ನಿಮ್ಮದು ಹಾಕ್ಕೊಳ್ಳಿ ಅಂತ. ಅವನ್ನ ಕಳಿಸ್ಬೇಡ, ನೀನೇ ಬಾ ಅಂದ್ರು. ನಂಗೆಲ್ಲಿ ಬರುತ್ತೆ ಅದು? ನಾನು ಮಾರೋನು. ಹಂಗೇ ಉಳೀತು."

"ಈಗೆಲ್ಲಿದಾನೆ?"

"ಮಾಲೂರು. ಇಟ್ಟಿಗೆ ಫ್ಯಾಕ್ಟರಿ ಆಫೀಸಲ್ಲಿ ವೈರಿಂಗ್ ಇದೆ."

ಮಾಲೂರಿನ ಆ ಆಫೀಸಿನಲ್ಲಿ ಕದಿರೇಶ್ ಮೇಜಿನ ಕೆಳಗೆ ಮಲಗಿ ಕೇಬಲ್ ಎಳೆಯುತ್ತಿದ್ದ. ಇಪ್ಪತ್ತಾರು ವರ್ಷ. ಅವನಿಗೆ ಮೊದಲು ಕಂಡದ್ದು ಪೊಲೀಸರ ಬೂಟುಗಳು. ಓಡಲಿಲ್ಲ.

"ಈ ಕೇಬಲ್ ಒಂದು ಸಿಗಿಸ್ಬಿಡ್ತೀನಿ ಸಾರ್. ಇಲ್ದಿದ್ರೆ ಇವರ ಬಿಲ್ಲಿಂಗ್ ನಿಂತೋಗುತ್ತೆ."

ಮುನಿಕೃಷ್ಣ ಕಾದರು. ಸಂಜೆ 4.40ಕ್ಕೆ ದಸ್ತಗಿರಿ ಎಂದು ನಮೂದಾಯಿತು.

ಠಾಣೆಯಲ್ಲಿ ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ಜ್ವರದ ದಿನಾನೇ ಯಾಕೆ?"

"ಅವತ್ತು ಬಾಗ್ಲು ತೆಗಿಯಲ್ಲ."

"ಅದು ನಿಂಗ್ಯಾರು ಹೇಳಿದ್ದು?"

"ಪೆದ್ದಪ್ಪ ತಾತ. ಬೈರಕೂರಲ್ಲಿ ಸೆನ್ಸರ್ ಹಾಕೋವಾಗ ಹುಣಿಸೇಮರದ ಕೆಳಗೆ ಕೂತು ಎಲ್ಲ ಹೇಳ್ಕೊಟ್ರು. ಎಷ್ಟು ಬಿಸಿ, ಎಷ್ಟು ತೇವ, ಯಾವಾಗ ಜ್ವರ ಅಂತ. ಅದನ್ನೇ ನಾನು ಸಿಸ್ಟಮ್‌ಗೆ ಹಾಕಿದ್ದು. ಅವರ ಬುತ್ತಿಲಿ ಒಂದು ಮುದ್ದೆ ನಂಗೆ ಕೊಡ್ತಿದ್ರು."

"ನಿನ್ನ ಜಾತಿ ಗೊತ್ತಿತ್ತಾ ಅವರಿಗೆ?"

"ಮೊದಲ ದಿನಾನೇ ಹೇಳಿದ್ದೆ. ಸಾರು ಸಾಕಾ ಅಂತ ಕೇಳಿದ್ರು, ಅಷ್ಟೇ."

ಮುನಿಕೃಷ್ಣ ಪೆನ್ ಕೆಳಗಿಟ್ಟರು.

"ಪರದೇನ ಇಪ್ಪತ್ತೇಳಕ್ಕೆ ನಿಲ್ಲಿಸ್ದೆ. ಆ ಪರದೆ ಮುಂದೆ ಕೂತಿದ್ದೋನು ಯಾರು?"

ಕದಿರೇಶ್ ತಲೆಯೆತ್ತಿದ.

"ಹುಳ ಸತ್ರೆ ರಾಮಚಂದ್ರಪ್ಪ ಮೊದಲು ಯಾರ ಮೇಲೆ ಕೈ ಮಾಡ್ತಾನೆ ಅಂತ ಯೋಚನೆ ಮಾಡಿದ್ಯಾ?"

"ತಾತಂಗೇನಾಯ್ತು?"

"ಎಡಗಣ್ಣು ಹೋಯ್ತು."

ಹೊರಗೆ ಯಾರೋ ಕಳೆದುಹೋದ ಮೊಬೈಲಿನ ದೂರು ಬರೆಸುತ್ತಿದ್ದರು. ಮಿಸ್ಬಾ ನೀರಿನ ಲೋಟ ಕದಿರೇಶ್‌ನ ಮುಂದಿಟ್ಟಳು. ಅವನು ಲೋಟವನ್ನು ನೋಡಿದ, ಮುಟ್ಟಲಿಲ್ಲ.

"ಕುಡಿ," ಎಂದಳು ಮಿಸ್ಬಾ. "ಆಫೀಸಲ್ಲಿ ಅವರು ಶುದ್ಧಿ ಮಾಡಿದ್ದು ನಿಂಗೆ ಹೆಂಗೆ ಗೊತ್ತಾಯ್ತು?"

"ಸಂಜೆ ಅಂಗಡೀಲಿ ಕೂತು ಕ್ಯಾಮೆರಾ ಟೆಸ್ಟ್ ಮಾಡ್ತಿದ್ದೆ ಮೇಡಂ. ಆಫೀಸಿನ ಕ್ಯಾಮೆರಾ ಓಪನ್ ಮಾಡ್ದೆ. ಆ ಅಜ್ಜಿ ಚೊಂಬು ಹಿಡ್ಕೊಂಡು ನಿಂತಿದ್ರು. ರಾಮಚಂದ್ರಪ್ಪ ಮಾವಿನೆಲೇಲಿ ಅದ್ದಿ ಅದ್ದಿ ಚಿಮುಕಿಸ್ತಿದ್ರು. ಕುರ್ಚಿಗೆ, ಕೀಬೋರ್ಡ್‌ಗೆ, ಸರ್ವರ್‌ಗೆ. ಇಬ್ರೂ ನಗ್ತಿದ್ರು. ಚಿತ್ರ ತುಂಬ ಚೆನ್ನಾಗಿ ಬರ್ತಿತ್ತು. ಫೋಕಸ್ ನಾನೇ ಸರಿ ಮಾಡಿದ್ದೆ."

"ಆ ವಿಡಿಯೋ ಇದ್ದಿದ್ರೆ ದೌರ್ಜನ್ಯ ಕಾಯ್ದೆ ಕೆಳಗೆ ಇಬ್ಬರ ಮೇಲೂ ಕೇಸ್ ಹಾಕಕ್ಕೆ ಒಂದು ಆಧಾರ ಆಗ್ತಿತ್ತು. ಅದನ್ನೇ ಯಾಕೆ ಅಳಿಸ್ದೆ?" ಮುನಿಕೃಷ್ಣ ಕೇಳಿದರು.

"ಇನ್ನೊಬ್ರು ನೋಡ್ಬಾರ್ದು ಅಂತ."

ಶಾಮಲಮ್ಮ ಮಧ್ಯಾಹ್ನವೇ ವಕೀಲರನ್ನು ಕರೆಸಿಕೊಂಡು, ತಾನು ಹೇಳಿದ್ದು ಹಬ್ಬದ ಸಾರಣೆಯ ವಿಷಯ, ಪೊಲೀಸರು ತಪ್ಪಾಗಿ ಬರೆದುಕೊಂಡಿದ್ದಾರೆ ಎಂದು ಅರ್ಜಿ ಕೊಟ್ಟಿದ್ದಳು. ಸರ್ವರ್ ಮೇಲಿನ ಹಳದಿ ಚುಕ್ಕೆಗಳನ್ನು ಅರಿಶಿನದ ನೀರು ಎಂದೂ ಹೇಳಬಹುದಿತ್ತು.

ಸೋಮವಾರ ಕದಿರೇಶ್‌ನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನವಾಯಿತು. ಹಲ್ಲೆಯ ಪ್ರಕರಣದಲ್ಲಿ ರಾಮಚಂದ್ರಪ್ಪನಿಗೆ ಆ ವಾರದಲ್ಲೇ ಜಾಮೀನು ಸಿಕ್ಕಿತು. ಪೆದ್ದಪ್ಪನನ್ನು ಅವನು ಕೆಲಸದಿಂದ ತೆಗೆದ. ಒಂದು ಕಣ್ಣಿನವನಿಗೆ ಹುಳುವಿನ ಜ್ವರ ಕಾಣುವುದಿಲ್ಲ ಎಂದು ಕಾರಣ ಹೇಳಿದ.

ಮಾರ್ಚ್‌ನಲ್ಲಿ ಮುನಿಕೃಷ್ಣ ದೋಷಾರೋಪ ಪಟ್ಟಿ ಸಲ್ಲಿಸಿದರು. ಕೃತ್ಯದ ಉದ್ದೇಶವೆಂಬಲ್ಲಿ, ಆರೋಪಿ ಕೂತ ಕುರ್ಚಿ ಮತ್ತು ಮುಟ್ಟಿದ ಯಂತ್ರವನ್ನು ಅವನ ಜಾತಿ ತಿಳಿದ ಮೇಲೆ ಶುದ್ಧಿ ಮಾಡಿದ್ದು, ಅದನ್ನು ಅವನು ಕಂಡದ್ದು ಎಂದು ಬರೆದರು. ಅದಕ್ಕೆ ಸಾಕ್ಷ್ಯ ಎಂಬಲ್ಲಿ, ಲಭ್ಯವಿಲ್ಲ. ಅದರ ಕೆಳಗೆ ನಷ್ಟದ ವಿವರ: ಮೂರು ಕೇಂದ್ರಗಳ ಹನ್ನೆರಡು ಸಾವಿರ ಮೊಟ್ಟೆಗೊಂಚಲಿನ ಹುಳು, ಎಪ್ಪತ್ತು ರೈತರ ಒಂದು ಬೆಳೆ, ಒಂದು ಕಣ್ಣು.